ವಿಶ್ರಾಂತಿವೇತನವೂ ರಾಜ್ಯದ ಎಲ್ಲೆಯೂ

ಬಹುಕಾಲ ದುಡಿದು ವಯಸ್ಸು ತುಂಬಿದ ಮೇಲೆ ಉದ್ಯೋಗದಿಂದ ಬಿಡುಗಡೆ ಹೊಂದಿದವರಿಗೆ ಸಲ್ಲತಕ್ಕ ವೇತನವನ್ನು ನಾವು ವಿಶ್ರಾಂತಿವೇತನವೆಂದೂ ಪಿಂಚಣಿಯೆಂದೂ ಕರೆಯುತ್ತೇವೆ. ಹೈದರಾಬಾದು ಸಂಸ್ಥಾನದ ಕಚೇರಿಗಳಲ್ಲಿ ಇದಕ್ಕೆ ವಜೀಫಾ ಎಂಬ ಹೆಸರಿದ್ದಿತು. ಹೆಸರು ಯಾವುದಾದರೂ ಆಗಲಿ, ವಸ್ತು ಒಂದೇ. ಮೈಯಲ್ಲಿ ಕಸುವಿದ್ದಾಗ ಮಾಡಿದ ಕೆಲಸಕ್ಕೆ ಕಸುವು ಕುಂದಿದ ಕಾಲದಲ್ಲಿ ಬರುವ ಪ್ರತಿಫಲವದು. ಅದನ್ನು ನಂಬಿ ಬಾಳುವವರಿಗೆ ಬೇರೆ ಆದಾಯವು ಬಹುಮಟ್ಟಿಗೆ ಇರುವುದಿಲ್ಲ. ಆದುದರಿಂದ ಅದರಲ್ಲಿ ಒಂದು ರೂಪಾಯಿ ಕಡಮೆಯಾದರೂ ಮನೆಯ ಲೆಕ್ಕವು ಏರುಪೇರಾಗುತ್ತದೆ.

ನಿವೃತ್ತರಾದವರು ಸೇವೆ ಸಲ್ಲಿಸಿದ ಊರಿನಲ್ಲಿಯೇ ಕೊನೆಯವರೆಗೂ ಇರುವುದು ಅಪೂರ್ವ. ಕೆಲವರು ಹುಟ್ಟೂರಿಗೆ ಮರಳುತ್ತಾರೆ. ಕೆಲವರು ಮಗನ ಮನೆಗೋ ಮಗಳ ಮನೆಗೋ ಹೋಗುತ್ತಾರೆ. ಈ ಪ್ರಯಾಣವು ಮಾರ್ಚಿ ತಿಂಗಳು ಮುಗಿಯಲೆಂದು ಕಾಯುವುದಿಲ್ಲ. ವರ್ಷದ ನಡುವೆ ಯಾವ ತಿಂಗಳಲ್ಲಾದರೂ ಒದಗಬಹುದು. ಆಗ ಒಂದು ಸಂದೇಹವು ಹುಟ್ಟುತ್ತದೆ. ಅರ್ಧ ವರ್ಷ ಒಂದು ರಾಜ್ಯದಲ್ಲಿಯೂ ಉಳಿದರ್ಧ ಇನ್ನೊಂದು ರಾಜ್ಯದಲ್ಲಿಯೂ ಕಳೆದವನ ಪಿಂಚಣಿಯ ಮೇಲೆ ತೆರಿಗೆಯನ್ನು ಯಾರು ವಿಧಿಸತಕ್ಕದ್ದು? ಎರಡು ರಾಜ್ಯಗಳೂ ಕೈ ನೀಡಿದರೆ ಗತಿಯೇನು? ವಿದ್ಯಾವಂತರಲ್ಲಿಯೂ ಈ ಅಂಜಿಕೆಯನ್ನು ಕಾಣುತ್ತೇವೆ. ಇದು ಎಷ್ಟರಮಟ್ಟಿಗೆ ಸಹೇತುಕವೆಂಬುದನ್ನು ಈ ಭಾಷಣದಲ್ಲಿ ವಿಚಾರಮಾಡೋಣ.

ವಿಚಾರಕ್ಕೆ ಒಂದು ನೆಲವನ್ನು ಆರಿಸಿಕೊಂಡರೆ ಮಾತು ಸ್ಪಷ್ಟವಾಗುವುದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳನ್ನು ನಾವು ಆರಿಸಿಕೊಳ್ಳುತ್ತೇವೆ. 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದುದು ಇವೇ ನಾಲ್ಕು. ಬೇರೆ ಕಡೆಗಳಲ್ಲಿ ಮನುಷ್ಯನು ಎಲ್ಲೆಯನ್ನು ದಾಟುತ್ತಾನೆ. ಇಲ್ಲಿಯೋ, 1956ರಲ್ಲಿ ಎಲ್ಲೆಯೇ ಮನುಷ್ಯರನ್ನು ದಾಟಿಹೋಯಿತು. ಮನೆಯ ಹೊಸಿಲನ್ನು ಬಿಟ್ಟು ಕದಲದ ವೃದ್ಧರು, ವರ್ಷದ ನಡುವೆ, ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಸೇರಿದರು. ನಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ನಿದರ್ಶನವು ದೊರೆಯಲಾರದು.

ಯಾವ ತೆರಿಗೆಯ ವಿಷಯದಲ್ಲಿಯೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ವಿಧಿಸುವ ಅಧಿಕಾರ ಯಾರದು? ವಿಧಿಸುವುದು ಯಾವುದರ ಮೇಲೆ? ಯಾವ ಅವಧಿಯ ಲೆಕ್ಕಕ್ಕೆ? ಈ ಮೂರಕ್ಕೂ ಎಲ್ಲೆಯ ಎರಡು ಕಡೆಗಳಲ್ಲಿಯೂ ಒಂದೇ ಉತ್ತರವಿದ್ದರೆ ಎಲ್ಲೆ ದಾಟಿದವನಿಗೆ ತೊಂದರೆಯಿಲ್ಲ. ಒಂದಕ್ಕಾದರೂ ಉತ್ತರವು ಬೇರೆಯಾದರೆ ತೊಡಕು ಅಲ್ಲಿಯೇ ಪ್ರಾರಂಭವಾಗುತ್ತದೆ. ಈ ಒರೆಗಲ್ಲಿಗೆ ಮೊದಲು ಹಳೆಯ ಕಾಲವನ್ನು ಹಚ್ಚಿ ನೋಡೋಣ.

1948ಕ್ಕೆ ಹಿಂದೆ ಈ ನಾಲ್ಕು ತಾಲ್ಲೂಕುಗಳು ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿ ಇದ್ದುವು. ಅದರಲ್ಲಿಯೂ ಒಂದು ಭೇದವಿದ್ದಿತು. ಗಂಗಾವತಿ ಮತ್ತು ಕುಷ್ಟಗಿ ಸಂಸ್ಥಾನದ ಸರ್ಕಾರವೇ ನೇರವಾಗಿ ಆಳುವ ದಿವಾನಿ ಸೀಮೆಗಳು. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರು. ಸುತ್ತಲಿನ ನೆಲವೋ ಬ್ರಿಟಿಷ್ ಇಂಡಿಯಾಕ್ಕೆ ಸೇರಿದುದು. ಗಂಗಾವತಿಯಿಂದ ತುಂಗಭದ್ರೆಯನ್ನು ದಾಟಿದರೆ ಮದರಾಸು ಪ್ರಾಂತದ ಹೊಸಪೇಟೆ. ಕುಷ್ಟಗಿಯಿಂದ ಉತ್ತರಕ್ಕೆ ಹೋದರೆ ಮುಂಬಯಿ ಪ್ರಾಂತದ ಇಳಕಲ್ಲು. ಕೊಪ್ಪಳದಲ್ಲಿ ರೈಲು ಹತ್ತಿ ಪಶ್ಚಿಮಕ್ಕೆ ಹೊರಟರೆ ಅದೇ ಮುಂಬಯಿ ಪ್ರಾಂತದ ಗದಗು. ನಾಲ್ಕು ಕಡೆಯೂ ಕನ್ನಡವೇ. ಆದರೆ ಅರಸು ಬೇರೆ, ನಾಣ್ಯ ಬೇರೆ, ವರ್ಷ ಬೇರೆ, ಕಾನೂನು ಬೇರೆ.

ನಾಣ್ಯವನ್ನೇ ನೋಡಿರಿ. ಸಂಸ್ಥಾನದ ರೂಪಾಯಿ ಹಾಲಿ ಸಿಕ್ಕಾ. ಬ್ರಿಟಿಷ್ ಇಂಡಿಯಾದ ರೂಪಾಯಿಗೆ ಅಲ್ಲಿನ ಜನರು ಕಲ್ದಾರ್ ಎನ್ನುತ್ತಿದ್ದರು. ಏಳು ಹಾಲಿ ರೂಪಾಯಿ ಆರು ಕಲ್ದಾರಿಗೆ ಸಮವೆಂಬ ನಿಷ್ಪತ್ತಿಯು ಕೊನೆಗೆ ನಿಂತಿತು. ಅದರಂತೆ 100 ಕಲ್ದಾರಿಗೆ 116 ಹಾಲಿ ರೂಪಾಯಿ 10 ಆಣೆ 8 ಪೈ. ತಿಂಗಳಿಗೆ 70 ಹಾಲಿ ರೂಪಾಯಿಯ ವಜೀಫಾ ಪಡೆಯುವ ಒಬ್ಬ ಪೇಷ್ಕಾರರು ಗದಗಿಗೆ ಹೋಗಿ ನೆಲೆಸಿದರೆ ಅವರ ಕೈಯಲ್ಲಿ ಉಳಿಯುತ್ತಿದ್ದುದು 60 ಕಲ್ದಾರ್. ವರ್ಷದ ಗಣನೆಯೂ ಹೀಗೆಯೇ. ಹೈದರಾಬಾದಿನ ಫಸಲಿ ವರ್ಷವು ಅಕ್ಟೋಬರಿನ ಮೊದಲ ವಾರದಲ್ಲಿ, ಆಜೂರ್ ಮಾಸದಿಂದ ಮೊದಲಾಗುತ್ತಿದ್ದಿತು. ಬ್ರಿಟಿಷ್ ಇಂಡಿಯಾದ ಲೆಕ್ಕದ ವರ್ಷವು ಏಪ್ರಿಲ್ 1ರಿಂದ. ನಮ್ಮ ಮೈಸೂರು ಸಂಸ್ಥಾನದ್ದು ಜುಲೈ 1ರಿಂದ. ವರ್ಷದ ನಡುವೆ ಸ್ಥಳ ಬದಲಾಯಿಸಿದನೆಂದು ಹೇಳುವುದಕ್ಕೆ ಮೊದಲು, ಯಾವ ವರ್ಷವೆಂದು ಕೇಳಬೇಕಾದ ಕಾಲವದು.

ಇನ್ನು ವರಮಾನ ತೆರಿಗೆಯ ವಿಷಯ. ಬ್ರಿಟಿಷ್ ಇಂಡಿಯಾದಲ್ಲಿ 1922ರ ಕಾನೂನೂ, ಮೈಸೂರಿನಲ್ಲಿ 1923ರ ಕಾನೂನೂ ನಡೆಯುತ್ತಿದ್ದುವು. ಹೈದರಾಬಾದಿನಲ್ಲಿ ವರಮಾನ ತೆರಿಗೆಯ ಕಾನೂನು ಆದುದು 1357ನೆಯ ಫಸಲಿಯಲ್ಲಿ, ಎಂದರೆ 1947-48ರ ಸುಮಾರಿನಲ್ಲಿ. ಬ್ರಿಟಿಷ್ ಇಂಡಿಯಾದ ಕಾನೂನಿನಲ್ಲಿ ನಮ್ಮ ಪೇಷ್ಕಾರರಂಥವರಿಗೆ ಅನ್ವಯಿಸತಕ್ಕ ಒಂದು ನಿಯಮವಿದ್ದಿತು. ದೇಶೀಯ ಸಂಸ್ಥಾನವೊಂದರಲ್ಲಿ ಹುಟ್ಟಿದ ಆದಾಯವನ್ನು ಬ್ರಿಟಿಷ್ ಇಂಡಿಯಾದೊಳಕ್ಕೆ ತಂದರೆ ಅಥವಾ ಅಲ್ಲಿಯೇ ಪಡೆದರೆ ಅದಕ್ಕೆ ತೆರಿಗೆ. ತಾರದೆ ಬಿಟ್ಟರೆ ಇಲ್ಲ. ಕೊಪ್ಪಳದ ಖಜಾನೆಯಲ್ಲಿ ಎಣಿಸಿಕೊಂಡ ವಜೀಫಾದ ಹಣವನ್ನು ಅಲ್ಲಿಯೇ ಸ್ನೇಹಿತನ ಮನೆಯಲ್ಲಿ ಇಟ್ಟರೆ ಲೆಕ್ಕಕ್ಕೆ ಬರದು. ಅದೇ ಹಣವು ರೈಲಿನಲ್ಲಿ ಗದಗಿಗೆ ಬಂದರೆ ಲೆಕ್ಕಕ್ಕೆ ಬರುವುದು. ಒಂದೇ ಆದಾಯಕ್ಕೆ ಸಂಸ್ಥಾನವೂ ಬ್ರಿಟಿಷ್ ಇಂಡಿಯಾವೂ ತೆರಿಗೆ ಹಾಕಿದ ಸಂದರ್ಭದಲ್ಲಿ ಪರಿಹಾರ ಕೊಡುವುದಕ್ಕಾಗಿ 1939ರಲ್ಲಿ ಬೇರೆ ನಿಯಮಗಳನ್ನೇ ಮಾಡಬೇಕಾಯಿತು. ಸಣ್ಣ ಪಿಂಚಣಿಗಳು ತೆರಿಗೆಯ ಮಟ್ಟಕ್ಕೆ ಏರುತ್ತಿರಲಿಲ್ಲವೆಂಬುದು ಬೇರೆ ಮಾತು. ದೊಡ್ಡ ಅಧಿಕಾರಿಗಳಿಗೆ ಮಾತ್ರ ಈ ನಿಯಮಗಳು ಒಂದು ವಾಸ್ತವವಾದ ತೊಡಕೇ ಆಗಿದ್ದುವು. ನಮ್ಮ ಮೂರು ಪ್ರಶ್ನೆಗಳಿಗೂ ಎಲ್ಲೆಯ ಎರಡು ಕಡೆ ಎರಡು ಉತ್ತರ ದೊರೆಯುತ್ತಿದ್ದುದೇ ಇದರ ಕಾರಣ. ಈಗಲೂ ನಿವೃತ್ತರಲ್ಲಿ ಉಳಿದಿರುವ ಅಂಜಿಕೆಯು ಆ ಕಾಲಕ್ಕೆ ತಕ್ಕುದಾಗಿದ್ದಿತು.

ಆ ಕಾಲವು ಮುಗಿದುದು ಒಂದೇ ದಿನದಲ್ಲಿ ಅಲ್ಲ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. 1949ರಲ್ಲಿ ಜಹಗೀರುಗಳು ರದ್ದಾದುವು. ಕೊಪ್ಪಳ ಮತ್ತು ಯಲಬುರ್ಗಾದ ಆಡಳಿತವು ಸರ್ಕಾರದ ವಶವಾಯಿತು. ದೇಶೀಯ ಸಂಸ್ಥಾನಗಳ ಹಣಕಾಸನ್ನು ಕೇಂದ್ರದೊಡನೆ ಹೊಂದಿಸುವ ಬಗೆಯನ್ನು ವಿ. ಟಿ. ಕೃಷ್ಣಮಾಚಾರಿಯವರ ಅಧ್ಯಕ್ಷತೆಯ ಸಮಿತಿಯು ಪರಿಶೀಲಿಸಿ ಸಲಹೆಗಳನ್ನು ಕೊಟ್ಟಿತು. 1950ರ ಜನವರಿ 26ರಂದು ಸಂವಿಧಾನವು ಜಾರಿಗೆ ಬಂದಿತು. ಅದರ ಏಳನೆಯ ಅನುಸೂಚಿಯಲ್ಲಿ ತೆರಿಗೆಯ ಅಧಿಕಾರಗಳನ್ನು ಹಂಚಿದೆ. ವ್ಯವಸಾಯದ ಆದಾಯವನ್ನು ಬಿಟ್ಟು ಉಳಿದ ಆದಾಯದ ಮೇಲಿನ ತೆರಿಗೆಯು ಕೇಂದ್ರದ ಪಟ್ಟಿಯ 82ನೆಯ ಬಾಬು. ವ್ಯವಸಾಯದ ಆದಾಯದ ಮೇಲಿನದು ರಾಜ್ಯದ ಪಟ್ಟಿಯ 46ನೆಯ ಬಾಬು. ವೃತ್ತಿ, ವ್ಯಾಪಾರ, ಉದ್ಯೋಗಗಳ ಮೇಲಿನದು ಅದೇ ಪಟ್ಟಿಯ 60ನೆಯ ಬಾಬು. ಪಿಂಚಣಿಯು ಇವುಗಳಲ್ಲಿ ಮೊದಲನೆಯದಕ್ಕೆ ಸೇರಿದುದು. 1950ರ ಏಪ್ರಿಲ್ 1ರಿಂದ ಭಾರತದ ವರಮಾನ ತೆರಿಗೆಯ ಕಾನೂನು ಹೈದರಾಬಾದು, ಮೈಸೂರು ಮೊದಲಾದ ಹಿಂದಿನ ಸಂಸ್ಥಾನಗಳಿಗೂ ವಿಸ್ತರಿಸಿತು. ಹಠಾತ್ತಾಗಿ ಹೊರೆ ಬೀಳದಿರಲೆಂದು ಅದೇ ವರ್ಷ ರಿಯಾಯಿತಿಯ ಆಜ್ಞೆಯೊಂದನ್ನೂ ಹೊರಡಿಸಿದರು. ಅಂದಿನಿಂದ ಗದಗಿನಲ್ಲಿ ಇದ್ದರೂ ಕೊಪ್ಪಳದಲ್ಲಿ ಇದ್ದರೂ ಪಿಂಚಣಿಯ ಮೇಲಿನ ತೆರಿಗೆಯ ಅಧಿಕಾರವು ಒಂದೇ ಸರ್ಕಾರದ್ದಾಯಿತು.

ಈ ಏರ್ಪಾಡಿನ ಬೆಲೆಯು ಪರೀಕ್ಷೆಗೆ ಬಂದುದು ಆರು ವರ್ಷಗಳ ಮೇಲೆ. ಅದಕ್ಕೂ ಮೊದಲು ನೆರೆಯಲ್ಲಿ ಒಂದು ಸಣ್ಣ ಪರೀಕ್ಷೆ ನಡೆದಿದ್ದಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಹುಟ್ಟಿದಾಗ ಹೊಸಪೇಟೆಯನ್ನು ಒಳಗೊಂಡು ಬಳ್ಳಾರಿ ಜಿಲ್ಲೆಯ ಬಹುಭಾಗವು ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿತು. ಅದೂ ಲೆಕ್ಕದ ವರ್ಷದ ಸರಿ ಮಧ್ಯದಲ್ಲಿಯೇ. ಆಮೇಲೆ 1956ರ ರಾಜ್ಯಗಳ ಪುನರ್ವಿಂಗಡಣೆಯ ಕಾನೂನಿನಂತೆ ಅದೇ ವರ್ಷದ ನವೆಂಬರ್ 1ರಂದು ಹೈದರಾಬಾದು ರಾಜ್ಯವೇ ಇಲ್ಲವಾಯಿತು. ತೆಲುಗಿನ ಜಿಲ್ಲೆಗಳು ಆಂಧ್ರ ಪ್ರದೇಶಕ್ಕೂ, ಮರಾಠಿಯ ಜಿಲ್ಲೆಗಳು ಮುಂಬಯಿಗೂ, ರಾಯಚೂರು, ಗುಲ್ಬರ್ಗಾ, ಬೀದರ ಜಿಲ್ಲೆಗಳ ಕನ್ನಡ ಭಾಗಗಳು ಮೈಸೂರಿಗೂ ಹೋದುವು. ರಾಯಚೂರು ಜಿಲ್ಲೆಯಲ್ಲಿಯೇ ಗದ್ವಾಲ ಮತ್ತು ಆಲಂಪುರದ ತಾಲ್ಲೂಕುಗಳು ಆಂಧ್ರ ಪ್ರದೇಶಕ್ಕೆ ಸಂದುವು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಮೈಸೂರಿಗೆ ಬಂದುವು. ಒಂದೇ ಜಿಲ್ಲೆಯ ಕಚೇರಿಯಲ್ಲಿ ಎದುರುಬದುರಾಗಿ ಕುಳಿತು ಬರೆದು, ಒಂದೇ ನಿಯಮದ ಪ್ರಕಾರ ನಿವೃತ್ತರಾದ ಇಬ್ಬರು, ಒಬ್ಬರು ಗದ್ವಾಲದಲ್ಲಿ ಮತ್ತೊಬ್ಬರು ಕುಷ್ಟಗಿಯಲ್ಲಿ, ಒಂದು ಬೆಳಗಿನಲ್ಲಿ ಎರಡು ರಾಜ್ಯಗಳ ಪಿಂಚಣಿದಾರರಾದರು.

ಅಂಥವರ 1956-57ನೆಯ ವರ್ಷದ ಲೆಕ್ಕವನ್ನು ಮನಸ್ಸಿನಲ್ಲಿ ತಂದುಕೊಳ್ಳಿರಿ. ಏಪ್ರಿಲಿನಿಂದ ಅಕ್ಟೋಬರಿನ ಕೊನೆಯವರೆಗೆ ಏಳು ತಿಂಗಳು ಹೈದರಾಬಾದು ರಾಜ್ಯದ ಕಾಲ. ನವೆಂಬರಿನಿಂದ ಮಾರ್ಚಿಯವರೆಗೆ ಐದು ತಿಂಗಳು ಹೊಸ ರಾಜ್ಯದ ಕಾಲ. ಹಣ ಕೊಡುವ ಸರ್ಕಾರವು ಬದಲಾಯಿತು. ವರಮಾನ ತೆರಿಗೆಯೋ? ಏಳು ತಿಂಗಳ ಲೆಕ್ಕವೊಂದು ಐದು ತಿಂಗಳ ಲೆಕ್ಕವೊಂದು ಎಂದು ಒಡೆಯಬೇಕಾಗಲಿಲ್ಲ. ಹನ್ನೆರಡು ತಿಂಗಳನ್ನೂ ಕೂಡಿಸಿ, ಒಂದೇ ಕಾನೂನಿನಂತೆ, ಒಂದೇ ದರದಲ್ಲಿ, ಒಂದೇ ಸರ್ಕಾರಕ್ಕೆ ಲೆಕ್ಕ ಒಪ್ಪಿಸುವುದಷ್ಟೆ. ಗದ್ವಾಲದವರಿಗೂ ಕುಷ್ಟಗಿಯವರಿಗೂ ಅದರಲ್ಲಿ ಒಂದು ಪೈಯಷ್ಟೂ ಭೇದವಿರಲಿಲ್ಲ. ನಿಜಾಮರ ಕಾಲದಲ್ಲಿ ಗದಗಿಗೆ ಹೋದ ಪೇಷ್ಕಾರರಿಗೆ ದೊರೆಯದಿದ್ದ ನೆಮ್ಮದಿಯು, ಮನೆ ಬಿಟ್ಟು ಹೋಗದೆಯೇ ರಾಜ್ಯ ಬದಲಾದವರಿಗೆ ದೊರೆಯಿತು.

ಹಾಗಾದರೆ ರಾಜ್ಯಗಳ ಕೈಯಲ್ಲಿ ಉಳಿದ ತೆರಿಗೆಗಳು ಏನಾದುವು? ಕಾನೂನನ್ನು ಮಾಡಿದವರ ದೂರದೃಷ್ಟಿಯನ್ನು ಇಲ್ಲಿ ಕಾಣಬೇಕು. ಎಲ್ಲೆಯು ಬದಲಾದ ಮಾತ್ರಕ್ಕೆ ಹಿಂದೆ ಜಾರಿಯಲ್ಲಿದ್ದ ಕಾನೂನಿನ ವ್ಯಾಪ್ತಿಯು ಬದಲಾಗತಕ್ಕದ್ದಲ್ಲವೆಂದು ಪುನರ್ವಿಂಗಡಣೆಯ ಕಾನೂನಿನ 119ನೆಯ ಪ್ರಕರಣವು ವಿಧಿಸಿತು. ಆದಕಾರಣ 1956ರ ನವೆಂಬರ್ 1ರಂದು ಕೊಪ್ಪಳವು ಮೈಸೂರು ರಾಜ್ಯದಲ್ಲಿದ್ದರೂ ಅಲ್ಲಿನ ಅಂಗಡಿಯವನಿಗೆ ಅನ್ವಯಿಸುತ್ತಿದ್ದುದು ಹೈದರಾಬಾದಿನ 1950ರ ಮಾರಾಟ ತೆರಿಗೆಯ ಕಾನೂನು. ಇಡೀ ರಾಜ್ಯಕ್ಕೆ ಒಂದೇ ಎನ್ನತಕ್ಕ ಮೈಸೂರು ಮಾರಾಟ ತೆರಿಗೆಯ ಕಾನೂನು ಬಂದುದು 1957ರ ಅಕ್ಟೋಬರಿನಲ್ಲಿ. ವ್ಯವಸಾಯದ ಆದಾಯದ ತೆರಿಗೆಗೂ 1957ರಲ್ಲಿಯೇ ಹೊಸ ಕಾನೂನಾಯಿತು. ರಾಜ್ಯದ ತೆರಿಗೆಗಳು ಮಧ್ಯರಾತ್ರಿಯ ಗಂಟೆಯೊಡನೆ ಮಗುಚಿಕೊಳ್ಳದೆ, ಸುಮಾರು ಒಂದು ವರ್ಷದ ಬಿಡುವಿನಲ್ಲಿ ಸಾವಕಾಶವಾಗಿ ಹೊಂದಿಕೊಂಡುವು.

ತೆರಿಗೆಯಲ್ಲಿ ತೊಡಕು ಉಂಟಾಗಲಿಲ್ಲವೆಂದ ಮಾತ್ರಕ್ಕೆ ಪಿಂಚಣಿದಾರರಿಗೆ ಯಾವ ತೊಡಕೂ ಇರಲಿಲ್ಲವೆಂದು ಹೇಳುವಂತಿಲ್ಲ. ತೊಡಕು ಇದ್ದುದು ಹಣ ಕೊಡುವವರು ಯಾರೆಂಬಲ್ಲಿ. ಇನ್ನೂ ಸೇವೆಯಲ್ಲಿ ಇದ್ದು ಹೊಸ ರಾಜ್ಯಕ್ಕೆ ಬಂದವರ ಸೇವಾನಿಯಮಗಳನ್ನು ಅವರಿಗೆ ನಷ್ಟವಾಗುವಂತೆ ಬದಲಾಯಿಸುವುದಕ್ಕೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕೆಂದು ಅದೇ ಕಾನೂನಿನ 115ನೆಯ ಪ್ರಕರಣವು ರಕ್ಷಣೆ ಕೊಟ್ಟಿತು. ಅಂಥ ರಕ್ಷಣೆಯನ್ನು ಬರೆದಿಡುವ ಅಗತ್ಯ ತೋರಿದುದೇ ಅಪಾಯವು ಎಲ್ಲಿದ್ದಿತೆಂಬುದಕ್ಕೆ ಸಾಕ್ಷಿ. ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂಬ ಐದು ಆಡಳಿತಗಳಿಂದ ಬಂದ ನೌಕರರು ಒಂದೇ ರಾಜ್ಯದಲ್ಲಿ ಕೂಡಿದ್ದರು. ಎಲ್ಲರಿಗೂ ಸಮಾನವಾದ ಸೇವಾನಿಯಮಗಳು ಮೈಸೂರಿನಲ್ಲಿ 1958ರಲ್ಲಿ ಹೊರಟುವು. ಜಹಗೀರಿನಲ್ಲಿ ಕೆಲಸಕ್ಕೆ ಸೇರಿ, ಹೈದರಾಬಾದು ಸರ್ಕಾರದ ನೌಕರನಾಗಿ ಮುಂದುವರಿದು, ಮೈಸೂರು ರಾಜ್ಯದಲ್ಲಿ ನಿವೃತ್ತನಾಗುವವನಿಗೆ ಮುಖ್ಯವಾದುದು ವರಮಾನ ತೆರಿಗೆಯ ದರವಲ್ಲ. ಮೂರು ಆಡಳಿತಗಳ ಸೇವೆಯೂ ಕೂಡಿ ಒಂದೇ ಸೇವೆಯೆಂದು ಎಣಿಕೆಗೆ ಬರುವಂತೆ ಕಾಗದಪತ್ರಗಳು ಕ್ರಮವಾಗಿರುವುದು.

ಇದೇ ಪಾಠವು 2014ರಲ್ಲಿ ಮತ್ತೊಮ್ಮೆ ದೊರೆಯಿತು. ಆ ವರ್ಷದ ಜೂನ್ 2ರಂದು, ಇನ್ನೊಮ್ಮೆ ಲೆಕ್ಕದ ವರ್ಷದ ಒಳಗೆಯೇ, ಆಂಧ್ರ ಪ್ರದೇಶವು ಒಡೆದು ತೆಲಂಗಾಣವಾಯಿತು. ಹಿಂದೆ ಹೇಳಿದ ಗದ್ವಾಲವು ಎರಡನೆಯ ಸಲ ರಾಜ್ಯ ಬದಲಿಸಿತು. ಅಲ್ಲಿಯವರೆಗೆ ಮಂಜೂರಾಗಿದ್ದ ಪಿಂಚಣಿಗಳನ್ನು ಯಾವ ರಾಜ್ಯದ ಖಜಾನೆಯಲ್ಲಿ ಪಡೆಯುತ್ತಿದ್ದರೋ ಆ ರಾಜ್ಯವೇ ಕೊಡತಕ್ಕದ್ದೆಂದೂ, ಆ ಹೊರೆಯನ್ನು ಎರಡು ರಾಜ್ಯಗಳು ಆಮೇಲೆ ಜನಸಂಖ್ಯೆಯ ಪ್ರಮಾಣದಲ್ಲಿ ತಮ್ಮೊಳಗೆ ಹಂಚಿಕೊಳ್ಳತಕ್ಕದ್ದೆಂದೂ ಕಾನೂನು ವಿಧಿಸಿತು. ಆ ಪ್ರಮಾಣವು ನೂರಕ್ಕೆ 58.32 ಮತ್ತು 41.68. ಇದರ ಮರ್ಮವನ್ನು ಗಮನಿಸಬೇಕು. ಸರ್ಕಾರಗಳ ನಡುವಣ ಲೆಕ್ಕಾಚಾರವು ಎಷ್ಟು ತಡವಾದರೂ ಆಗಲಿ, ವೃದ್ಧರು ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಅಲೆಯಬಾರದೆಂಬುದೇ ಅದು. ಈ ಸಲವೂ ವರಮಾನ ತೆರಿಗೆಯ ಲೆಕ್ಕವು ಒಡೆಯಲಿಲ್ಲ.

ಕೇಂದ್ರವೇ ತೆರಿಗೆ ತೆಗೆದುಕೊಂಡರೆ ರಾಜ್ಯಗಳಿಗೆ ನಷ್ಟವಲ್ಲವೇ ಎಂದು ಯಾರಾದರೂ ಕೇಳಬಹುದು. ವಸೂಲಾದ ಹಣವು ಕೇಂದ್ರದಲ್ಲಿಯೇ ನಿಲ್ಲುವುದಿಲ್ಲ. ಸಂವಿಧಾನದ 270ನೆಯ ಅನುಚ್ಛೇದದಂತೆ ಅದರಲ್ಲಿ ರಾಜ್ಯಗಳಿಗೆ ಪಾಲುಂಟು. 2021ರಿಂದ 2026ರವರೆಗಿನ ಅವಧಿಗೆ ಹಂಚತಕ್ಕ ಮೊತ್ತದಲ್ಲಿ ನೂರಕ್ಕೆ 41ರಷ್ಟು ಪಾಲನ್ನು ಹಣಕಾಸು ಆಯೋಗವು ಗೊತ್ತುಮಾಡಿತು. ತೆರಿಗೆ ಕೊಡುವವನು ಎಲ್ಲಿದ್ದಾನೆಂಬ ಜಗಳವನ್ನು ಸರ್ಕಾರಗಳು ಅವನ ತಲೆಯ ಮೇಲೆ ಆಡದೆ ತಮ್ಮತಮ್ಮಲ್ಲಿಯೇ ತೀರಿಸಿಕೊಳ್ಳುವ ಉಪಾಯವಿದು.

ಈ ಉಪಾಯವು ಎಲ್ಲ ದೇಶಗಳಲ್ಲಿಯೂ ಇಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಇದನ್ನು ಚೆನ್ನಾಗಿ ಬಲ್ಲವು. ಅಲ್ಲಿ ಕೇಂದ್ರದ ವರಮಾನ ತೆರಿಗೆಯಲ್ಲದೆ ಬಹುಪಾಲು ರಾಜ್ಯಗಳಿಗೆ ತಮ್ಮದೇ ವರಮಾನ ತೆರಿಗೆಯುಂಟು. ಕ್ಯಾಲಿಫೋರ್ನಿಯಾವು ನಿವೃತ್ತರ ಪಿಂಚಣಿಗೆ ತೆರಿಗೆ ಹಾಕುತ್ತದೆ. ಇಲಿನಾಯ್ ಸಾಮಾನ್ಯವಾಗಿ ಹಾಕುವುದಿಲ್ಲ. ಟೆಕ್ಸಾಸಿನಲ್ಲಿ ವರಮಾನ ತೆರಿಗೆಯೇ ಇಲ್ಲ. ಜುಲೈ 1ರಂದು ಕ್ಯಾಲಿಫೋರ್ನಿಯಾದಿಂದ ಟೆಕ್ಸಾಸಿಗೆ ಹೋಗಿ ನೆಲೆಸಿದವನು, ಜನವರಿಯಿಂದ ಜೂನಿನವರೆಗೆ ಬಂದ ಪಿಂಚಣಿಗೆ ವರ್ಷದ ಭಾಗಮಾತ್ರದ ನಿವಾಸಿಯೆಂಬ ರೀತಿಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ಲೆಕ್ಕ ಕೊಡಬೇಕು. ಆಮೇಲಿನ ಆರು ತಿಂಗಳಿಗೆ ಬೇಕಾಗಿಲ್ಲ. ಹಿಂದೆ ಕೆಲವು ರಾಜ್ಯಗಳು, ದುಡಿದುದು ತಮ್ಮಲ್ಲಿ ಎಂಬ ಕಾರಣದಿಂದ, ಬಿಟ್ಟುಹೋದವರ ಪಿಂಚಣಿಯನ್ನೂ ಬೆನ್ನಟ್ಟುತ್ತಿದ್ದುವು. 1996ರಲ್ಲಿ ಆದ ಕೇಂದ್ರದ ಕಾನೂನು ಅದನ್ನು ನಿಷೇಧಿಸಿತು. ನಮ್ಮ ಗದಗು ಮತ್ತು ಕೊಪ್ಪಳಗಳ ಹಳೆಯ ಕಥೆಯು ಅಲ್ಲಿ ಬೇರೊಂದು ರೂಪದಲ್ಲಿ ಇನ್ನೂ ನಡೆದಿದೆ. ಅಲ್ಲಿಂದ ಬರುವ ಪುಸ್ತಕಗಳನ್ನೂ ಸಲಹೆಗಳನ್ನೂ ಓದಿ ನಮ್ಮವರು ಹೆದರುವುದಕ್ಕೆ ಕಾರಣವಿಲ್ಲ.

ಈಗಿನ ಸ್ಥಿತಿಯನ್ನು ಕ್ರಮವಾಗಿ ಹೇಳೋಣ. ಭಾರತದ ಒಳಗೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದವರ ಪಿಂಚಣಿಯ ಮೇಲಿನ ವರಮಾನ ತೆರಿಗೆಯು ಬದಲಾಗುವುದಿಲ್ಲ. 1961ರ ಕಾನೂನಿಗೆ ಬದಲಾಗಿ 2026ರ ಏಪ್ರಿಲ್ 1ರಿಂದ ಅನ್ವಯಿಸುವಂತೆ 2025ರಲ್ಲಿ ಮಾಡಿದ ಕಾನೂನಿನಲ್ಲಿಯೂ ಈ ತತ್ತ್ವವೇ ನಿಂತಿದೆ. ನಿವಾಸಿಯೇ ಅಲ್ಲವೇ ಎಂಬ ಪ್ರಶ್ನೆಗೆ ಕಾನೂನು ಎಣಿಸುವುದು ಇಡೀ ಭಾರತದಲ್ಲಿ ಕಳೆದ ದಿನಗಳನ್ನು; ಕರ್ನಾಟಕದಲ್ಲಿ ಎಷ್ಟು, ತೆಲಂಗಾಣದಲ್ಲಿ ಎಷ್ಟು ಎಂದಲ್ಲ. ರಾಜ್ಯಗಳ ಕೈಯಲ್ಲಿರುವ ವೃತ್ತಿ ತೆರಿಗೆಯು ಉದ್ಯೋಗಕ್ಕೆ ಸಂಬಂಧಪಟ್ಟುದು. ಸಂವಿಧಾನದ 276ನೆಯ ಅನುಚ್ಛೇದವು ಅದಕ್ಕೆ ವರ್ಷಕ್ಕೆ 250 ರೂಪಾಯಿಯ ಮಿತಿಯನ್ನು ಹಾಕಿದ್ದಿತು. 1988ರಲ್ಲಿ ಆ ಮಿತಿಯು 2,500 ರೂಪಾಯಿಯಾಯಿತು. ನಿವೃತ್ತರಾದ ಮೇಲೆ ಹೊಸ ಊರಿನಲ್ಲಿ ಮತ್ತೆ ಕೆಲಸಕ್ಕೆ ಸೇರಿದರೆ ಮಾತ್ರ ಆ ಊರಿನ ನಿಯಮವನ್ನು ವಿಚಾರಿಸಬೇಕು.

ಒಟ್ಟಿಗೆ ಬರುವ ಹಣದಲ್ಲಿ ಭೇದವುಂಟಾಗುವುದು ಹಣ ಕೊಡುವವರು ಯಾರೆಂಬುದರಿಂದ. ವಾಸವು ಎಲ್ಲಿ ಎಂಬುದರಿಂದಲ್ಲ. ಸರ್ಕಾರಿ ನೌಕರರು ಪಿಂಚಣಿಯ ಒಂದು ಭಾಗವನ್ನು ಬಿಟ್ಟುಕೊಟ್ಟು ಅದಕ್ಕೆ ಬದಲಾಗಿ ಪಡೆಯುವ ಇಡಿಗಂಟಿಗೆ ತೆರಿಗೆಯಿಲ್ಲ. ಇತರರಿಗೆ, ಗ್ರಾಚ್ಯುಯಿಟಿಯೂ ಬಂದಿದ್ದರೆ ಪೂರ್ಣ ಪಿಂಚಣಿಯ ಮೂರನೆಯ ಒಂದು ಭಾಗಕ್ಕೆ, ಬಾರದಿದ್ದರೆ ಅರ್ಧಕ್ಕೆ ಸಲ್ಲುವ ಇಡಿಗಂಟಿನವರೆಗೆ ವಿನಾಯಿತಿ. ಗ್ರಾಚ್ಯುಯಿಟಿಗೆ ಸರ್ಕಾರಿ ನೌಕರರಲ್ಲದವರಿಗೆ 20 ಲಕ್ಷ ರೂಪಾಯಿಯೂ, ಉಳಿಸಿಕೊಂಡ ರಜೆಯ ಹಣಕ್ಕೆ 2023ರಿಂದ 25 ಲಕ್ಷ ರೂಪಾಯಿಯೂ ವಿನಾಯಿತಿಯ ಮೇಲಿನ ಮಿತಿಗಳು. ಯಜಮಾನರು ತೀರಿಕೊಂಡ ಮೇಲೆ ಹೆಂಡತಿಗೆ ಬರುವ ಕುಟುಂಬ ಪಿಂಚಣಿಯನ್ನು ಸಂಬಳವೆಂದು ಎಣಿಸದೆ ಇತರ ಮೂಲದ ಆದಾಯವೆಂದು ಎಣಿಸುತ್ತಾರೆ. ಅದರಲ್ಲಿ ಮೂರನೆಯ ಒಂದು ಭಾಗವನ್ನು, ಹಳೆಯ ಪದ್ಧತಿಯಲ್ಲಿ 15,000 ರೂಪಾಯಿಗೂ ಹೊಸ ಪದ್ಧತಿಯಲ್ಲಿ 2024-25ರಿಂದ 25,000 ರೂಪಾಯಿಗೂ ಮೀರದಂತೆ, ಕಳೆಯಬಹುದು. ಯಲಬುರ್ಗಾದ ಮನೆಗೆ ಬೀಗ ಹಾಕಿ ಸೊಲ್ಲಾಪುರದ ಮಗಳ ಮನೆಗೆ ಹೋದ ತಾಯಿಗೂ ಇದೇ ಲೆಕ್ಕ.

ಹಾಗಾದರೆ ವರ್ಷದ ನಡುವಣ ಬದಲಾವಣೆಯಲ್ಲಿ ಎಚ್ಚರವೇ ಬೇಡವೇ? ಬೇಕು, ಆದರೆ ಅಪಾಯವು ಜನರು ಹುಡುಕುವ ಕಡೆ ಇಲ್ಲ. ಅದು ಇರುವುದು ಒಂದೇ ವರ್ಷದಲ್ಲಿ ಹಣ ಕೊಡುವವರು ಇಬ್ಬರಾಗುವುದರಲ್ಲಿ. ಒಂದು ಉದಾಹರಣೆಯನ್ನು ನೋಡಿರಿ. ಒಬ್ಬ ಅಧಿಕಾರಿಯು 2025ರ ಸೆಪ್ಟೆಂಬರ್ 30ರಂದು ನಿವೃತ್ತನಾದನೆಂದು ಇಟ್ಟುಕೊಳ್ಳೋಣ. ತಿಂಗಳಿಗೆ 1,50,000 ರೂಪಾಯಿಯಂತೆ ಆರು ತಿಂಗಳ ಸಂಬಳ 9,00,000. ತಿಂಗಳಿಗೆ 75,000ದಂತೆ ಆರು ತಿಂಗಳ ಪಿಂಚಣಿ 4,50,000. ಸಂಬಳ ಕೊಟ್ಟ ಕಚೇರಿಯು ತಾನು ಕೊಟ್ಟುದನ್ನು ಮಾತ್ರ ನೋಡಿ, 75,000 ರೂಪಾಯಿಯ ನಿಗದಿತ ಕಡಿತವನ್ನು ಕಳೆದು, ಉಳಿದುದು 12 ಲಕ್ಷಕ್ಕಿಂತ ಕಡಮೆಯಾದುದರಿಂದ ತೆರಿಗೆಯನ್ನು ಹಿಡಿಯುವುದಿಲ್ಲ. ಪಿಂಚಣಿ ಕೊಡುವ ಬ್ಯಾಂಕೂ ತನ್ನ ಲೆಕ್ಕವನ್ನು ಮಾತ್ರ ನೋಡಿ ಹಿಡಿಯುವುದಿಲ್ಲ. ಎರಡನ್ನೂ ಕೂಡಿಸಿದರೆ 13,50,000. ಕಡಿತವನ್ನು ಒಂದೇ ಸಲ ಕಳೆದರೆ 12,75,000. 2025-26ನೆಯ ವರ್ಷದ ಹೊಸ ಪದ್ಧತಿಯ ದರದಂತೆ ಇದಕ್ಕೆ ತೆರಿಗೆ 71,250, ಅದರ ಮೇಲೆ ನೂರಕ್ಕೆ ನಾಲ್ಕರ ಸೆಸ್ 2,850, ಒಟ್ಟು 74,100 ರೂಪಾಯಿ. ಇಬ್ಬರೂ ಏನನ್ನೂ ಹಿಡಿಯಲಿಲ್ಲವಾದುದರಿಂದ ತನಗೆ ತೆರಿಗೆಯೇ ಇಲ್ಲವೆಂದು ನಂಬಿ ಕುಳಿತವನಿಗೆ, ಸುಮಾರು ಒಂದು ತಿಂಗಳ ಪಿಂಚಣಿಯಷ್ಟು ಬಾಕಿಯು ಒಮ್ಮೆಗೇ ಎದುರಾಗುವುದು. ಅವನು ಊರು ಬಿಟ್ಟನೋ ಇಲ್ಲವೋ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೆ ಊರು ಬಿಟ್ಟವನು ಇದನ್ನು ಹೊಸ ರಾಜ್ಯವು ಹಾಕಿದ ತೆರಿಗೆಯೆಂದು ತಪ್ಪಾಗಿ ಭಾವಿಸುವುದುಂಟು.

ಇದಕ್ಕೆ ಪರಿಹಾರವು ಸುಲಭ. ನಿವೃತ್ತರಾದೊಡನೆ ಆ ವರ್ಷ ಪಡೆದ ಸಂಬಳದ ಮತ್ತು ಹಿಡಿದ ತೆರಿಗೆಯ ವಿವರವನ್ನು ಬರೆದು ಪಿಂಚಣಿ ಕೊಡುವ ಬ್ಯಾಂಕಿಗೆ ಒಪ್ಪಿಸಬೇಕು. ಇಬ್ಬರಿಂದಲೂ ವರ್ಷದ ಕೊನೆಯಲ್ಲಿ ಪ್ರಮಾಣಪತ್ರಗಳನ್ನು ತೆಗೆದುಕೊಳ್ಳಬೇಕು. ಎರಡನ್ನೂ ಕೂಡಿಸಿ ಒಂದೇ ಲೆಕ್ಕವನ್ನು ಸಲ್ಲಿಸಬೇಕು. ಅರವತ್ತು ವರ್ಷ ತುಂಬಿ, ವ್ಯಾಪಾರ ವೃತ್ತಿಗಳ ಆದಾಯವಿಲ್ಲದ ನಿವಾಸಿಗಳಿಗೆ ಮುಂಗಡ ತೆರಿಗೆಯ ಬಂಧನವಿಲ್ಲ. ಬಾಕಿಯನ್ನು ಲೆಕ್ಕ ಸಲ್ಲಿಸುವ ವೇಳೆಗೆ ಕಟ್ಟಿದರೆ ಸಾಕು. ಮನೆಯ ವಿಳಾಸವು ಬದಲಾದುದನ್ನು ತೆರಿಗೆಯ ಇಲಾಖೆಗೂ ಬ್ಯಾಂಕಿಗೂ ತಿಳಿಸಬೇಕು. ಹಳೆಯ ವಿಳಾಸಕ್ಕೆ ಹೋದ ಕಾಗದವು ಎಷ್ಟೋ ಸಲ ಯಾರ ಕೈಗೂ ಸಿಕ್ಕುವುದಿಲ್ಲ. ರಾಜ್ಯ ಸರ್ಕಾರದ ಪಿಂಚಣಿದಾರರು ಪಿಂಚಣಿ ಮಂಜೂರಾತಿಯ ಆಜ್ಞಾಪತ್ರವನ್ನು ಜೋಪಾನವಾಗಿಟ್ಟು, ಅದರ ವರ್ಗಾವಣೆಗೆ ಹೊರಡುವ ಮೊದಲೇ ಖಜಾನೆಯನ್ನು ವಿಚಾರಿಸುವುದು ಲೇಸು. ಭವಿಷ್ಯನಿಧಿ ಸಂಸ್ಥೆಯ 1995ರ ಯೋಜನೆಯಂತೆ ಪಿಂಚಣಿ ಪಡೆಯುವವರಿಗೆ 2025ರ ಜನವರಿಯಿಂದ ಈ ಶ್ರಮವೂ ತಪ್ಪಿದೆ. ಅವರು ದೇಶದ ಯಾವ ಊರಿನ ಬ್ಯಾಂಕಿನಲ್ಲಾದರೂ ಹಣ ಪಡೆಯಬಹುದು.

ಹೀಗೆ ನೋಡಿದರೆ ನಮ್ಮ ಮೂರು ಪ್ರಶ್ನೆಗಳಿಗೆ ಇಂದು ದೇಶದ ಉದ್ದಗಲಕ್ಕೂ ಒಂದೊಂದೇ ಉತ್ತರವಿದೆ. ವಿಧಿಸುವವರು ಕೇಂದ್ರ ಸರ್ಕಾರದವರು. ವಿಧಿಸುವುದು ವರ್ಷದ ಒಟ್ಟು ಆದಾಯದ ಮೇಲೆ. ವರ್ಷವು ಏಪ್ರಿಲ್ 1ರಿಂದ ಮಾರ್ಚಿ 31ರವರೆಗೆ. ಈ ಏಕರೂಪತೆಯು ತಾನಾಗಿ ಬಂದುದಲ್ಲ. ಎರಡು ನಾಣ್ಯ, ಮೂರು ವರ್ಷಗಣನೆ, ಹಲವು ಅರಸೊತ್ತಿಗೆಗಳ ನಡುವೆ ಬಾಳಿದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಂಥ ಸೀಮೆಗಳ ಅನುಭವದ ಮೇಲೆ ಅದನ್ನು ಕಟ್ಟಿದ್ದಾರೆ. ವೃದ್ಧಾಪ್ಯದಲ್ಲಿ ಮಕ್ಕಳ ಬಳಿಗೆ ಹೋಗಬೇಕೋ ಹುಟ್ಟೂರಿನಲ್ಲಿ ಇರಬೇಕೋ ಎಂಬುದನ್ನು ಅವರವರ ಆರೋಗ್ಯವೂ ಮನಸ್ಸೂ ನಿರ್ಣಯಿಸಲಿ. ವರಮಾನ ತೆರಿಗೆಯು ಅದಕ್ಕೆ ಅಡ್ಡ ಬರುವುದಿಲ್ಲವೆಂಬ ಭರವಸೆಯನ್ನು ಮನೆಯ ಹಿರಿಯರಿಗೆ ನಾವು ಧೈರ್ಯವಾಗಿ ಕೊಡಬಹುದು. ಅದರೊಂದಿಗೆ ಅವರ ಕಾಗದಪತ್ರಗಳನ್ನು ಒಂದು ಕಡೆ ಸೇರಿಸಿ ಕಟ್ಟಿಡುವ ಕೆಲಸದಲ್ಲಿ ಕೈಗೂಡಿಸಿದರೆ ಇನ್ನೂ ಉಪಕಾರವಾದೀತು.